ನೆರೆಮನೆಯ ಗಾಳಿ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ನಮ್ಮ ಹಳೆಯ ಮನೆಯ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸಿದರೆ ಶಾಖದ ಬಹುಪಾಲು ಹೊಗೆಗೂಡು ಹತ್ತಿ ಹೊರಟುಹೋಗುತ್ತಿತ್ತು. ಅದರೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕೂರಿಸಿದೆವು. ಒಲೆಗಿಂತ ಹೊಗೆಗೂಡಿನ ಕೆಲಸವೇ ಹೆಚ್ಚು. ಮಸಿ ಗುಡಿಸಿ, ಬಿರುಕು ಪರೀಕ್ಷಿಸಿ, ತುದಿಯವರೆಗೂ ಸ್ಟೀಲ್ ಕೊಳವೆ ಇಳಿಸಬೇಕು. ಇಲ್ಲವಾದರೆ ಅಗಲವಾದ ಗೂಡಿನಲ್ಲಿ ಹೊಗೆ ತಣ್ಣಗಾಗಿ ಡಾಂಬರಿನಂತೆ ಅಂಟಿಕೊಂಡು, ಒಂದು ದಿನ ಅದಕ್ಕೇ ಬೆಂಕಿ ಹತ್ತೀತು.

ಈಗ ಸೌದೆ ಕಡಿಮೆ ಸಾಕು, ಕೋಣೆಯೂ ಬೆಚ್ಚಗಿದೆ. ಆದರೆ ಹೊಗೆ? ತೇವ ಶೇ. 20ಕ್ಕಿಂತ ಕಡಿಮೆಯಿರುವ ಒಣ ಸೌದೆಯಿಂದಲೂ ಕಣ್ಣಿಗೆ ಕಾಣದ ಕಣಗಳು ಹೊರಬೀಳುತ್ತವೆ. 1952ರಲ್ಲಿ ಲಂಡನ್‌ನ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆಯೇ, 1956ರಲ್ಲಿ, ಈ ದೇಶ ಶುದ್ಧ ಗಾಳಿಗಾಗಿ ಕಾನೂನು ಮಾಡಿತು. ಪಕ್ಕದ ಮನೆಯ ಮಗುವಿಗೆ ಉಬ್ಬಸವಿದೆ. ನೆರೆಯವರಿಗಾಗಿ ಸಾರಿಗೆ ನೀರು ಹೆಚ್ಚಿಸಲು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ಅವರಿಗೆ ಹೊಗೆ ಹಂಚಬಹುದೇ? ಗಾಳಿ ಆ ಕಡೆ ಬೀಸುವ ಸಂಜೆ ನಾವು ಒಲೆ ಹಚ್ಚುವುದಿಲ್ಲ, ಕಂಬಳಿ ಹೊದೆಯುತ್ತೇವೆ.