ಹಿಂದಕ್ಕೆ ಬಿಟ್ಟರೆ ಮಾತ್ರ ಕಿರ್ರ್

ಜೂನ್ ತಿಂಗಳ ಮಳೆ. ಚೇರಂಬಾಡಿಯ ಈ ಮನೆಯ ತಗಡಿನ ಮಾಡಿನ ಮೇಲೆ ಅದು ಸುರಿಯುವ ರಭಸಕ್ಕೆ ಎದುರು ಕೂತವರ ಮಾತೇ ಅರ್ಧ ಕೇಳಿಸುತ್ತದೆ. ಆದರೂ ಮೇಜಿನ ಮೇಲಿನ ಗೇಣುದ್ದದ ಎಂಜಿನ್ನಿನ ಅರಚಾಟ ಮಳೆಯನ್ನು ಸೀಳಿಕೊಂಡು ನಿಮ್ಮ ಕಿವಿಗೆ ಬರುತ್ತದೆ. ಪ್ಲೈವುಡ್ ಹಲಗೆಗೆ ಮೊಳೆ ಹೊಡೆದು ಕೂರಿಸಿದ ಹಳಿಯ ಮೇಲೆ ಮುಂದಕ್ಕೆ ಹೋಗುವಾಗ ಗುಂಯ್. ಹಿಂದಕ್ಕೆ ಬಿಟ್ಟರೆ ಕಿರ್ರ್.

“ಎಣ್ಣೆ ಬುಡಾನಾ ತಾತ?” ಮೊಮ್ಮಗಳಿಗೆ ಅವಸರ.

“ಎಣ್ಣೆ ಆಮೇಲೆ. ಮೊದ್ಲು ಎಲ್ಲಿ ಅರಚ್ತದೆ ನೋಡವ್ವ.”

ತಾತ ಚಹಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು, ಮೂಲ ಗುಂಡ್ಲುಪೇಟೆ ಕಡೆ. ಚಹಾ ಎಲೆ ಅರೆಯುವ ಸಿಟಿಸಿ ಮೆಷೀನಿನಲ್ಲಿ ಹಲ್ಲಿನ ರೋಲರುಗಳು ಜೋಡಿಯಾಗಿ ಎದುರುಬದುರು ತಿರುಗುತ್ತವೆ. ಒಂದು ಹತ್ತು ಸುತ್ತು ಸುತ್ತುವಷ್ಟರಲ್ಲಿ ಇನ್ನೊಂದು ಒಂದೇ ಸುತ್ತು. ಆ ಗದ್ದಲದ ನಡುವೆ ಕೆಟ್ಟ ಬೇರಿಂಗನ್ನು ಕಿವಿಯಲ್ಲೇ ಹಿಡಿದ ಮನುಷ್ಯನಿಗೆ ಈ ಆಟಿಕೆ ಎಷ್ಟರದು ಎಂದು ನಿಮಗನ್ನಿಸಬಹುದು. ಅವರಿಗೆ ಹಾಗನ್ನಿಸಿಲ್ಲ. ಕನ್ನಡಕ ಬದಲಿಸಿಕೊಂಡು, ಹಳೆ ಬನಿಯನ್ ಬಟ್ಟೆ ಹಾಸಿ, ಎಂಜಿನ್ನನ್ನು ಅಂಗಾತ ಮಲಗಿಸುತ್ತಾರೆ.

ಚೇರಂಬಾಡಿ ಇರುವ ಈ ಪಂದಲೂರು ತಾಲ್ಲೂಕಿನಲ್ಲಿ ಒಂದಡಿ ರೈಲು ಹಳಿಯೂ ಇಲ್ಲ. ಘಟ್ಟದ ಕೆಳಗೆ ನಿಲಂಬೂರು, ಕಾಡು ದಾಟಿ ಅತ್ತ ನಂಜನಗೂಡು. ಎರಡನ್ನೂ ಜೋಡಿಸುವ ಮಾರ್ಗದ ಬೇಡಿಕೆಗೆ ವಯಸ್ಸಾಗಿದೆ, ಗಾಡಿ ಬಂದಿಲ್ಲ. ನೀಲಗಿರಿ ಜಿಲ್ಲೆಯ ಆ ಬದಿಯಲ್ಲಿ ಮಾತ್ರ 1899ರಲ್ಲೇ ಮೆಟ್ಟುಪಾಳಯದಿಂದ ಕೂನೂರಿಗೆ, 1908ರಲ್ಲಿ ಊಟಿಗೆ ರೈಲು ಹತ್ತಿತು. ಮಗ ದುಬೈಯಿಂದ ತಂದ ಈ ಸೆಕೆಂಡ್ ಹ್ಯಾಂಡ್ ಮಾಲು ಎಚ್‌ಒ ಅಳತೆಯದು, ಅಂದರೆ ಅಸಲಿನ 87ನೇ ಒಂದು ಭಾಗ. ಅಮೆರಿಕದ ಆಲ್ಕೋ ಡೀಸೆಲ್‌ನ ನಕಲು. ಕೂನೂರಿನಿಂದ ಊಟಿಗೆ ಗಾಡಿ ಎಳೆಯುವ ವೈಡಿಎಂ4 ಡೀಸೆಲ್ ಕೂಡ ಅದೇ ಆಲ್ಕೋ ಮನೆತನದ್ದು. ತಾತನಿಗೆ ಇದರ ಮೇಲೆ ಅಷ್ಟು ಮಮಕಾರ ಇರುವುದು ಅದಕ್ಕೇ.

ಮೈ ಕಳಚಿದಾಗ ಒಳಗಿನದೆಲ್ಲ ಕಾಣುತ್ತದೆ. ನಡುವೆ ಮೋಟಾರು. ಅದರ ಎರಡೂ ತುದಿಗೆ ಹಿತ್ತಾಳೆಯ ಫ್ಲೈವೀಲ್. ಅಲ್ಲಿಂದ ಪುಟ್ಟ ಪ್ಲಾಸ್ಟಿಕ್ ಶಾಫ್ಟ್‌ಗಳು ಮುಂದಿನ, ಹಿಂದಿನ ಚಕ್ರದ ಕಟ್ಟುಗಳಿಗೆ ಹೋಗುತ್ತವೆ. ಪ್ರತಿ ಕಟ್ಟಿನ ತಲೆಯ ಮೇಲೂ ಸ್ಕ್ರೂ ಆಕಾರದ ಒಂದು ವರ್ಮ್ ಗೇರು, ಅದರಡಿ ಹಲ್ಲುಚಕ್ರಗಳ ಸಾಲು.

ತಾತ ಎರಡೂ ಶಾಫ್ಟ್ ತೆಗೆದು ಮೋಟಾರಿಗಷ್ಟೇ 12 ವೋಲ್ಟಿನ ವೈರು ಮುಟ್ಟಿಸುತ್ತಾರೆ. ಸಣ್ಣಗೆ ಝೇಂಕಾರ, ಎರಡೂ ದಿಕ್ಕಿಗೆ ಒಂದೇ ಸಮ. “ಮೋಟ್ರು ಪಾಪದ್ದು,” ಎನ್ನುತ್ತಾರೆ. ಮುಂದಿನ ಶಾಫ್ಟ್ ಜೋಡಿಸಿದರೂ ಸದ್ದು ಹೆಚ್ಚುವುದಿಲ್ಲ. ಅದನ್ನು ಬಿಚ್ಚಿ ಹಿಂದಿನದನ್ನು ಜೋಡಿಸಿ ವೈರು ಅದಲುಬದಲು ಮಾಡಿದಾಗ ಬಂತು ನೋಡಿ ಆ ಕಿರ್ರ್. ಸ್ಕ್ರೂಡ್ರೈವರಿನ ತುದಿಯನ್ನು ಗೇರುಪೆಟ್ಟಿಗೆಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಆಮೇಲೆ ಅದನ್ನು ನಿಮ್ಮ ಕೈಗೆ ಕೊಡುತ್ತಾರೆ. ಕಿವಿಗಿಟ್ಟರೆ ಕಿರ್ರ್‌ನೊಳಗೆ ಇನ್ನೊಂದು ಸದ್ದಿದೆ: ಟಕಟಕ ಎಂದು ಏನೋ ಗೋಡೆಗೆ ಬಡಿಯುತ್ತಿದೆ.

ವರ್ಮ್ ಶಾಫ್ಟನ್ನು ಉಗುರಿನಲ್ಲಿ ಹಿಡಿದು ಉದ್ದಕ್ಕೆ ಎಳೆದಾಗ ಅದು ಟಿಕ್ ಎಂದು ಜಾರುತ್ತದೆ. “ಪ್ಲೇ ಜಾಸ್ತಿ ಅದೆ, ಕಂಡ್ಯಾ?” ವರ್ಮ್ ಎಂದರೆ ಸ್ಕ್ರೂ ತಾನೆ. ಅದು ಹಲ್ಲುಚಕ್ರವನ್ನು ಒಂದು ಕಡೆ ತಳ್ಳಿದಷ್ಟೇ ಬಲದಿಂದ ಚಕ್ರವೂ ಅದನ್ನು ಇನ್ನೊಂದು ಕಡೆ ನೂಕುತ್ತದೆ. ದಿಕ್ಕು ಬದಲಾದರೆ ನೂಕುವ ಕಡೆಯೂ ಬದಲು. ಮುಂದಕ್ಕೆ ಹೋಗುವಾಗ ತಡೆಯಲು ವಾಷರ್ ಇದೆ. ಹಿಂದಕ್ಕೆ ಹೋಗುವಾಗ ತಡೆಯಬೇಕಾದ ಇನ್ನೊಂದು ತುದಿಯ ವಾಷರ್ ಯಾವ ಕಾಲದಲ್ಲೋ ಬಿದ್ದುಹೋಗಿದೆ. ಶಾಫ್ಟು ನೇರವಾಗಿ ಬೇರಿಂಗಿಗೆ ಉಜ್ಜುತ್ತಿದೆ. ಇಳಿಜಾರಿನಲ್ಲಿ ಈ ಎಂಜಿನ್ ಮುಗ್ಗರಿಸುತ್ತಿದ್ದುದೂ ಇದರಿಂದಲೇ: ವರ್ಮ್ ಹಿಂದೆ ಮುಂದೆ ಓಲಾಡುತ್ತಿತ್ತು.

ಅಂಥ ವಾಷರ್ ಇಲ್ಲಿ ಯಾವ ಅಂಗಡಿಯಲ್ಲಿ ಸಿಗಬೇಕು? ತಾತ ಸೋಡಾ ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ, ಕಾದ ಸೂಜಿಯಲ್ಲಿ ತೂತು ಮಾಡಿ, ಅಂಚನ್ನು ಉಪ್ಪುಕಾಗದದಲ್ಲಿ ತೀಡುತ್ತಾರೆ. ಮೊದಲನೆಯದು ದಪ್ಪವಾಗಿ ಶಾಫ್ಟು ಬಿಗಿಯಿತು. ಎರಡನೆಯದನ್ನು ಇನ್ನಷ್ಟು ತೀಡಿ ತೆಳ್ಳಗೆ ಮಾಡುತ್ತಾರೆ. ಪ್ಲೇ ಪೂರ್ತಿ ಹೋಗಬಾರದು, ಕೂದಲೆಳೆಯಷ್ಟು ಉಳಿಯಬೇಕು. ಇಲ್ಲದಿದ್ದರೆ ಶಾಫ್ಟು ಬಿಸಿಯಾಗಿ ಮೋಟಾರು ಸುಸ್ತಾಗುತ್ತದೆ.

ಅಷ್ಟರಲ್ಲಿ ಮೊಮ್ಮಗಳು ಗೇರುಗಳನ್ನು ಸೋಪು ನೀರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾಳೆ. ಅಂಟಾಗಿ ಹಳದಿಗಟ್ಟಿದ ಗ್ರೀಸು, ಅದರೊಳಗೆ ಕಾರ್ಪೆಟ್ಟಿನ ನೂಲು. ಪ್ರತಿ ಹಲ್ಲುಚಕ್ರವನ್ನೂ ಬೆಳಕಿಗೆ ಹಿಡಿದು ಬಿರುಕು ಹುಡುಕಬೇಕು. ಆಕ್ಸಲ್ ಮೇಲಿನ ಗೇರು ಸೀಳಿದ್ದರೆ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ, ಆಗ ಎಷ್ಟು ಗ್ರೀಸು ಬಳಿದರೂ ದಂಡ. ಇವೆಲ್ಲ ಗಟ್ಟಿಯಾಗಿವೆ. ಗೇರಿಗೆ ಪೇಸ್ಟು ಹಚ್ಚಿ ಓಡಿಸಿ ನಯ ಮಾಡುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಕೊನೆಯ ಉಪಾಯ, ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಈಗ ಎಣ್ಣೆಯ ಸರದಿ. ಬೇರಿಂಗಿಗೆ ಸೂಜಿ ಮೊನೆಯಲ್ಲಿ ಒಂದು ಹನಿ, ವರ್ಮಿಗೆ ಪ್ಲಾಸ್ಟಿಕ್ಕಿಗೆ ಹೊಂದುವ ತಿಳಿ ಗ್ರೀಸು, ಸಾಸಿವೆಯಷ್ಟು. ಮೋಟಾರಿನ ಕಾರ್ಬನ್ ಬ್ರಷ್ ಕಡೆಗೆ ಎಣ್ಣೆ ಸುಳಿಯಬಾರದು.

ಮತ್ತೆ ಹಳಿಯ ಮೇಲೆ. ಹಿಂದಕ್ಕೆ ಬಿಟ್ಟರೂ ಕಿರ್ರ್ ಇಲ್ಲ, ಆದರೆ ಗುಂಯ್ ಹಾಗೇ ಇದೆ. ತಾತ ಎಂಜಿನ್ನನ್ನು ಕೈಯಲ್ಲೆತ್ತಿ ವೈರು ಮುಟ್ಟಿಸುತ್ತಾರೆ; ಗುಂಯ್ ಅರ್ಧವಾಯಿತು. ಕೆಳಗಿಟ್ಟರೆ ಮತ್ತೆ ಜೋರು. ಪ್ಲೈವುಡ್ಡೇ ತಮಟೆಯಂತೆ ಸದ್ದನ್ನು ಎತ್ತಿಕೊಡುತ್ತಿದೆ. ಮೊಳೆ ಕಿತ್ತು, ಹಳಿಯ ಕೆಳಗೆ ಹಳೆ ಯೋಗದ ಚಾಪೆಯ ಪಟ್ಟಿ ಅಂಟಿಸುತ್ತಾರೆ. ಮೈ ಕೂರಿಸುವ ಮುನ್ನ ಅದಕ್ಕೂ ಚೌಕಟ್ಟಿಗೂ ನಡುವೆ ಒಂದು ಚೂರು ಉಣ್ಣೆಬಟ್ಟೆ.

ಉಳಿದಿರುವುದು ಹಲ್ಲುಗಳ ಸಣ್ಣ ಗೊಣಗು. ಅದನ್ನೂ ಅಡಗಿಸಬೇಕೆಂದರೆ ಮೋಟಾರು, ಗೇರು ಎರಡೂ ಬದಲಾಗಬೇಕು. ಆ ಖರ್ಚು ದಂಡ ಎನ್ನುತ್ತಾರೆ ತಾತ, ನಾನೂ ಒಪ್ಪುತ್ತೇನೆ. ನಿಮ್ಮ ಅಟ್ಟದಲ್ಲೂ ಇಂಥದೊಂದು ಎಂಜಿನ್ ಬಿದ್ದಿದ್ದರೆ, ಎಣ್ಣೆ ಡಬ್ಬಿ ಹುಡುಕುವ ಮೊದಲು ವರ್ಮ್ ಶಾಫ್ಟನ್ನು ಉದ್ದಕ್ಕೆ ಎಳೆದು ನೋಡಿ. ಟಿಕ್ ಎಂದರೆ ಕತ್ತರಿ, ಸೋಡಾ ಬಾಟಲಿ ತಂದುಕೊಂಡು ಕೂತುಬಿಡಿ.