ಕೋಡಿ ಬೀಳದ ಕೆರೆ

ತುಮಕೂರಿನಿಂದ ಬೆಂಗಳೂರಿನತ್ತ ಹೊರಟರೆ ಕ್ಯಾತ್ಸಂದ್ರ ದಾಟಿದ ಮೇಲೆ ಸಿಗುವ ಊರು ಹಿರೇಹಳ್ಳಿ. ಇಲ್ಲಿ ಕೈಗಾರಿಕಾ ಪ್ರದೇಶವಿದೆ, ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಇಂಥ ಊರುಗಳಲ್ಲಿ ಮನೆ, ಹೊಲ, ಕಾರ್ಖಾನೆಗಳ ಅಂಗಳ ತೊಳೆದ ಮಳೆನೀರು ಕೊನೆಗೆ ಸೇರುವುದು ಕೆರೆಯನ್ನೇ.

ಒಡಿಶಾದ ಚಿಲಿಕಾ ಸರೋವರಕ್ಕೆ ಸಮುದ್ರದತ್ತ ಬಾಗಿಲುಂಟು. ಅದು ಹೂಳಿನಿಂದ ಕಟ್ಟಿಕೊಂಡಾಗ ನೀರಿನ ಉಪ್ಪು ಇಳಿಯಿತು, ಕಳೆ ಹಬ್ಬಿತು, ಮೀನು ಕಡಿಮೆಯಾಯಿತು. 2000ದ ಸೆಪ್ಟೆಂಬರಿನಲ್ಲಿ ಹೊಸ ಅಳಿವೆ ತೆರೆದ ಮೇಲೆ ಸರೋವರ ಚೇತರಿಸಿಕೊಂಡಿತು. ಬಯಲುಸೀಮೆಯ ಕೆರೆಯ ಕೊಳೆ ಕೊಚ್ಚಿಹೋಗಲು ಕೋಡಿಯೇ ಬೀಳಬೇಕು. ಮಳೆ ಕೈಕೊಟ್ಟ ವರ್ಷ ನೀರು ಆವಿಯಾಗುತ್ತದೆ, ಕೊಳೆ ಉಳಿಯುತ್ತದೆ.

ಆದ್ದರಿಂದ ಕಣ್ಣಳತೆ ಸಾಲದು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಹಸಿರುಗಟ್ಟಿದ ಕೆರೆಯೂ ಮಧ್ಯಾಹ್ನ ಈ ಪರೀಕ್ಷೆಯಲ್ಲಿ ಪಾಸಾಗಬಲ್ಲದು. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಕರಗಿಸಿಬಿಡುತ್ತದೆ. ಇಂಥ ಕೆರೆಗಳಲ್ಲಿ ಮೀನು ಹೆಚ್ಚಾಗಿ ಸಾಯುವುದು ಬೆಳಗಿನ ಜಾವ.

ಲೋಹ, ರಾಸಾಯನಿಕಗಳನ್ನು ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕು. ಆಮ್ಲಜನಕದ ಪರೀಕ್ಷೆಯನ್ನು ಮಾತ್ರ ಶಾಲಾ ಮಕ್ಕಳೂ ದಡದಲ್ಲೇ ಮಾಡಬಹುದು. ಸೂರ್ಯ ಹುಟ್ಟುವ ಮೊದಲೇ ಏರಿ ತಲುಪಬೇಕು, ಅಷ್ಟೆ. ಜೊತೆಗೆ ಅಪ್ಪನೋ ಅಮ್ಮನೋ ಇರಲಿ.