ಲೋಪಸಂಧಿ

ನಮ್ಮ ಮನೆಯ ಬೆಕ್ಕು ಬೂದಿಗೆ ಬಾಲದ ಬುಡದಿಂದ ನಾಲ್ಕು ಬೆರಳು ಮೇಲೆ, ಹಳೆಯ ಎಂಟಾಣೆಯಷ್ಟು ಅಗಲ ಬೋಳಾಯಿತು. ಕನ್ನಡ ಮೇಷ್ಟ್ರ ಮನೆಯ ಬೆಕ್ಕಾದ್ದರಿಂದ ಇದನ್ನು ಲೋಪಸಂಧಿ ಎನ್ನಬಹುದು. ಆದರೆ ಸ್ವರಲೋಪಕ್ಕೆ ಸೂತ್ರ ಹೇಳಿದ ಕೇಶಿರಾಜ ರೋಮಲೋಪಕ್ಕೆ ಹೇಳಿಲ್ಲ.

ಹೇಳುವವರಿಗೇನೂ ಕೊರತೆಯಿರಲಿಲ್ಲ. ನಮ್ಮ ತಾಯಿ ಸೀಮೆಎಣ್ಣೆ ಎಂದರು. ಪಕ್ಕದ ಮನೆಯ ರಾಯರು ತಮ್ಮ ನಾಯಿಗೆ ಹಾಕಿ ಉಳಿದಿದ್ದ ಔಷಧಿಯನ್ನು ಉದಾರವಾಗಿ ಕೊಟ್ಟರು. ನನ್ನ ಹೆಂಡತಿ ಮಾತ್ರ, "ಗಜಕರ್ಣವೋ ಏನೋ, ಮಗು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳೆ. ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬನ್ನಿ" ಎಂದಳು. ಮಗಳು ಆ ರಾತ್ರಿ ಊಟಕ್ಕೆ ಏಳಲಿಲ್ಲ.

ತಿಂಗಳ 25ನೆಯ ತಾರೀಖು. ಖಾಸಗಿ ವೈದ್ಯರೊಬ್ಬರು ರಕ್ತ, ಚರ್ಮ, ಅಲರ್ಜಿ ಎಂದು ಪರೀಕ್ಷೆಗಳ ಪಟ್ಟಿ ಬರೆದರು. ಅಷ್ಟು ಪರೀಕ್ಷೆ ನಾನು ಎಂ.ಎ.ಗೂ ಬರೆದವನಲ್ಲ. ಬೂದಿಯನ್ನು ತರಕಾರಿ ಬುಟ್ಟಿಯಲ್ಲಿ ಕೂಡಿಸಿ, ಮೇಲೊಂದು ಪಂಚೆ ಬಿಗಿದು, ಸರ್ಕಾರಿ ಪಶು ಆಸ್ಪತ್ರೆಗೆ ನಡೆದೆ. ಎರಡು ಎಮ್ಮೆ, ಒಂದು ಮೇಕೆಯ ಹಿಂದೆ ನಮ್ಮ ಸರದಿ.

ಡಾಕ್ಟರಮ್ಮ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರು. ಗಜಕರ್ಣದ ಶಿಲೀಂಧ್ರ ಕೆಲವು ಸಲ ಅದರಲ್ಲಿ ಹಸಿರಾಗಿ ಹೊಳೆಯುತ್ತದೆ, ಹೊಳೆಯದೆಯೂ ಇರಬಹುದು. ಆದ್ದರಿಂದ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿಯೂ ನೋಡಿದರು. ಶಿಲೀಂಧ್ರವಿರಲಿಲ್ಲ; ಕೂದಲಿನ ತುದಿ ಮುರಿದಿತ್ತು. "ಉದುರಿದ್ದಲ್ಲ ಮೇಷ್ಟ್ರೇ, ಇದೇ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದೆ" ಎಂದರು. ಆಮೇಲೆ ಹೇನು ತೆಗೆಯುವ ಬಾಚಣಿಗೆಯಿಂದ ಬೆನ್ನು ಬಾಚಿ, ಬಿದ್ದ ಕರಿಯ ಪುಡಿಯನ್ನು ಒದ್ದೆ ಮಾಡಿದ ಬಿಳಿಯ ಕಾಗದದ ಮೇಲೆ ಹರಡಿದರು. ನೋಡುತ್ತಿದ್ದಂತೆ ಒಂದೊಂದು ಚುಕ್ಕೆಯ ಸುತ್ತಲೂ ಕೆಂಪು ಹಬ್ಬಿತು. ಅದು ಚಿಗಟದ ಹಿಕ್ಕೆ. ಕೆಂಪು ನಮ್ಮ ಬೂದಿಯದೇ ರಕ್ತ. ಚಿಗಟ ಮಾತ್ರ ಒಂದೂ ಕಾಣಲಿಲ್ಲ. ಮೈ ನೆಕ್ಕುವಾಗ ಬೆಕ್ಕು ಅವನ್ನೂ ನುಂಗಿಬಿಡುತ್ತದೆ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಒಂದೆರಡು ಕಡಿತವೇ ಸಾಕಂತೆ.

ಸೀಮೆಎಣ್ಣೆಯ ಹೆಸರು ಕೇಳಿ ಆಕೆ ಹಣೆ ಚಚ್ಚಿಕೊಂಡರು; ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದಲ್ಲ! ರಾಯರು ಕೊಟ್ಟ ಸೀಸೆಯಲ್ಲಿದ್ದ ಪರ್ಮೆಥ್ರಿನ್, ನಾಯಿಗೆ ಔಷಧಿ, ಬೆಕ್ಕಿಗೆ ಪ್ರಾಣಾಂತಿಕ. ಬೂದಿಯ ತೂಕ ನೋಡಿ, ಕತ್ತಿನ ಹಿಂದೆ ನಾಲಿಗೆ ಎಟುಕದ ಕಡೆ ತಿಂಗಳಿಗೊಮ್ಮೆ ಹಾಕುವ ಹನಿ ಬರೆದುಕೊಟ್ಟರು. ಚಿಗಟದ ಮೊಟ್ಟೆ ಮರಿಗಳು ಹೆಚ್ಚಾಗಿ ಇರುವುದು ಬೆಕ್ಕಿನ ಮೇಲಲ್ಲ, ಹಾಸಿಗೆ ಚಾಪೆಗಳಲ್ಲಿ ಎಂದು ತಿಳಿದು ನನ್ನ ಹೆಂಡತಿ ಮನೆಯ ಹೊದಿಕೆಗಳನ್ನೆಲ್ಲ ಬಿಸಿನೀರಿಗೆ ಹಾಕಿದಳು. ಮಾರ್ಕೆಟ್ಟಿನ ಮಾತು ಮತ್ತೆ ಬರಲಿಲ್ಲ. ರಾಯರ ನಾಯಿಯನ್ನು ಮಾತ್ರ ಅವಳು ಈಗ ಗೇಟಿನೊಳಗೆ ಬಿಡುವುದಿಲ್ಲ.

ಚೀಟಿ, ಹನಿ ಎಲ್ಲ ಸೇರಿದರೂ ಆ ಪಟ್ಟಿಯ ಮೊದಲನೆಯ ಪರೀಕ್ಷೆಯಷ್ಟು ಆಗಲಿಲ್ಲ. ಆರನೆಯ ವಾರ ಬೋಳಿನ ಮೇಲೆ ಬೂದು ನವಿರು ಕಂಡಿತು. ಇದು ಆಗಮವೋ ಆದೇಶವೋ ಎಂದು ಕೇಳಿದರೆ ಮಗಳು ಬೆಕ್ಕನ್ನೆತ್ತಿಕೊಂಡು ಹೊರಟೇ ಹೋದಳು. ಮುಂದಿನ ಹನಿ ಹಾಕುವುದು 1ನೆಯ ತಾರೀಖಿಗೆ. ಪುಣ್ಯಕ್ಕೆ ಅಂದೇ ಸಂಬಳ.